ಪರದೆ ಮೊದಲು, ಡ್ರಮ್ ಆಮೇಲೆ

ಆನಂದಕುಮಾರ ಕಾಕಾ ಕೆಂಪು ಪೆನ್ನಿನ ಕ್ಯಾಪ್ ತೆಗೆದರು. ಗೋದಾವರಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಾಕಾನ ಹತ್ತಿರ ಮೂರು ಪೆನ್ನುಗಳಿದ್ದವು. ಹಸಿರು ಗೆರೆ ಬಿದ್ದರೆ ಆ ಕಾಲೇಜು ಪಕ್ಕಾ ಸಿಗುತ್ತದೆ ಅಂತ ಅರ್ಥ. ನೀಲಿ ಬಿದ್ದರೆ ಸಿಕ್ಕರೂ ಸಿಗಬಹುದು. ಕೆಂಪು ಬಿದ್ದರೆ ಆ ಕಾಲೇಜಿನ ಹೆಸರನ್ನೇ ಮರೆತುಬಿಡುವುದು ಒಳ್ಳೆಯದು. ಹೈದರಾಬಾದಿನ ಕುಷಾಯಿಗೂಡದ ಆ ಓಣಿಯಲ್ಲಿ ಎಂಜಿನಿಯರಿಂಗ್ ಸೀಟಿನ ವಿಷಯಕ್ಕೆ ಕಾಕಾ ಹೇಳಿದ್ದೇ ಕೊನೆಯ ಮಾತು. ಅವರು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದರು. ಅವರ ಮಗ ಎಂಜಿನಿಯರಿಂಗ್ ಓದಿದ್ದ. ಅಂದಿನಿಂದ ಪ್ರತಿ ವರ್ಷ ರ್‍ಯಾಂಕು ಬಂದ ಕೂಡಲೇ ಕನ್ನಡದವರೆಲ್ಲ ಅವರ ಮನೆ ಕಟ್ಟೆಗೆ ಬಂದು ಕೂರುತ್ತಿದ್ದರು. ಡಾಕ್ಟರ ಮುಂದೆ ನಾಲಿಗೆ ಚಾಚಿ ಕೂತ ಹಾಗೆ, ಮಕ್ಕಳು ರ್‍ಯಾಂಕು ಹೇಳಿ ಸುಮ್ಮನೆ ಕಾಯಬೇಕು.

ಈ ಸಲದ ಪೇಶಂಟು ಗೋದಾವರಿಯ ಅಕ್ಕ ವಿಜಯಶ್ರೀ.

ಕಾಕಾನ ಬೆರಳು ಹೋದ ವರ್ಷದ ಪಟ್ಟಿಯ ಮೇಲೆ ಮೆಲ್ಲಗೆ ಇಳಿಯಿತು. ಯಾವ ಕಾಲೇಜಿನ ಯಾವ ಸೀಟು ಯಾವ ರ್‍ಯಾಂಕಿಗೆ ಮುಗಿದುಹೋಯಿತು ಅಂತ ಅದರಲ್ಲಿತ್ತು. ಯೂನಿವರ್ಸಿಟಿ ಕಾಲೇಜು ಅಂತ ಇದ್ದ ಕಡೆ ಬೆರಳು ನಿಂತಿತು. ಅಲ್ಲಿ ಕಂಪ್ಯೂಟರ್ ಸೀಟು ವಿಜಿಯ ರ್‍ಯಾಂಕಿಗಿಂತ ಬಹಳ ಮುಂಚೆಯೇ ಮುಗಿದಿತ್ತು. ಎಲೆಕ್ಟ್ರಾನಿಕ್ಸ್ ಸೀಟು ಮುಗಿದದ್ದು ಅವಳಿಗಿಂತ ಸ್ವಲ್ಪವೇ ಮುಂಚೆ.

ಕಾಕಾ ಎರಡರ ಕೆಳಗೂ ಕೆಂಪು ಗೆರೆ ಎಳೆದರು. ಎರಡನೆಯದನ್ನು ಎಳೆಯುವಾಗ ಮಾತ್ರ ಅವರ ಕೈ ಸ್ವಲ್ಪ ತಡೆಯಿತು.

"ಬ್ಯಾಸರ ಮಾಡ್ಕೋಬ್ಯಾಡವ್ವಾ. ರ್‍ಯಾಂಕ್ ಭಾಳ ಚಲೋ ಐತಿ. ಆದ್ರ ಇದರ ಮ್ಯಾಲ ಆಸಿ ಇಟ್ಕೋಬ್ಯಾಡ" ಅಂದರು.

ವಿಜಿ ತಲೆ ಆಡಿಸಿದಳು. ಗೋದಾವರಿಗೆ ಮಾತ್ರ ಸಿಟ್ಟು ಬಂತು. ಯಾಕೆಂದರೆ ಅಕ್ಕನ ಆಸೆ ಯಾವುದು ಅಂತ ಅವಳಿಗೆ ಗೊತ್ತಿತ್ತು. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿಗೆ ಹಳೇ ಪುಸ್ತಕ ತರಲು ಹೋಗುವಾಗ ಬಸ್ಸು ಆ ಕಾಲೇಜಿನ ಮುಂದೆ ಹಾದುಹೋಗುತ್ತಿತ್ತು. ದೊಡ್ಡ ದೊಡ್ಡ ಮರಗಳು, ಒಳಗೆಲ್ಲೋ ಕಲ್ಲಿನ ಕಟ್ಟಡ. ಆ ಜಾಗ ಬಂದಾಗ ವಿಜಿ ಮಾತು ನಿಲ್ಲಿಸಿಬಿಡುತ್ತಿದ್ದಳು. ಮರಗಳು ಮುಗಿಯುವವರೆಗೂ ಕಿಟಕಿಯಿಂದ ತಲೆ ತಿರುಗಿಸುತ್ತಿರಲಿಲ್ಲ. ಆಮೇಲೆ, ಏನೂ ಆಗಿಲ್ಲ ಅನ್ನುವಂತೆ, ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದಲೇ ಮಾತು ಮುಂದುವರಿಸುತ್ತಿದ್ದಳು.

ಅಪ್ಪ ಕಾಶಿನಾಥ ಕಟ್ಟೆಯ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ. ಅವನು ಟೈಲ್ಸ್ ಕೂರಿಸುವ ಗೌಂಡಿ. ಹಸಿರು ಗೆರೆ ಬಿದ್ದಿದ್ದ ಕಾಲೇಜು ಯಾವುದು ಅಂತ ವಿಚಾರಿಸಿದ. ಮನೆಯಿಂದ ಒಂದೇ ಬಸ್ಸಿನ ದಾರಿಯ ಕಾಲೇಜು ಅದು. ಕೆಟ್ಟದ್ದೇನಲ್ಲ.

"ಹಂಗಾರ ಅದನ್ನ ಮೊದಲ ಬರ್‍ಯೂಣು. ಕೆಂಪಂದು ಕಡೀಕ ಇರಲಿ" ಅಂದ ಅಪ್ಪ.

ವಿಷಯ ಏನೆಂದರೆ, ಬೇಕಾದ ಕಾಲೇಜುಗಳ ಹೆಸರನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೆ ಒಂದು ತುಂಬಬೇಕು. ಅದಕ್ಕೆ ಆಪ್ಶನ್ಸ್ ಅನ್ನುತ್ತಾರೆ. ಕೊನೆಗೆ ಫ್ರೀಜ್ ಅನ್ನುವ ಬಟನ್ ಒತ್ತಿದರೆ ಮುಗಿಯಿತು, ಆಮೇಲೆ ಬದಲಿಸುವ ಹಾಗಿಲ್ಲ. ಯಾವುದನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ ಅನ್ನುವುದೇ ದೊಡ್ಡ ತಲೆನೋವು.

ವಿಜಿ ಒಂದೇ ಸಲ ಕೇಳಿದಳು. "ಯೂನಿವರ್ಸಿಟಿದು ಮ್ಯಾಲ ಹಾಕಿದ್ರ ಏನಾಕ್ಕೈತಪ್ಪಾ?"

"ಇದ್ದದ್ದೂ ಹೊಕ್ಕೈತಿ" ಅಂದ ಅಪ್ಪ. ಕಾಕಾ ಕೂಡ ಯೋಚಿಸಿ, ಅದೂ ಖರೆನೇ, ರಿಸ್ಕ್ ಯಾಕ ಅಂದರು. ವಿಜಿ ಮತ್ತೆ ಕೇಳಲಿಲ್ಲ.

ಅಪ್ಪ ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. ಅವನು ಯೂನಿವರ್ಸಿಟಿ ನೋಡಿದವನಲ್ಲ, ಅಡ್ಡಾ ನೋಡಿದವನು. ಹೈದರಾಬಾದಿನಲ್ಲಿ ಬೆಳಿಗ್ಗೆ ಕೆಲಸಗಾರರು ಟಿಫಿನ್ ಡಬ್ಬಿ ಹಿಡಿದು ರಸ್ತೆ ಬದಿ ಕಾಯುವ ಜಾಗಕ್ಕೆ ಅಡ್ಡಾ ಅನ್ನುತ್ತಾರೆ. ಕೆಲಸ ಕೊಡುವವರು ಬೈಕಿನಲ್ಲೋ ಆಟೋದಲ್ಲೋ ಬಂದು ಇಷ್ಟು ಜನ ಬೇಕು ಅನ್ನುತ್ತಾರೆ. ಎಲ್ಲರೂ ಒಟ್ಟಿಗೇ ಓಡುತ್ತಾರೆ. ಒಂದು ದಿನ ಅಪ್ಪನಿಗೆ ಒಂದು ಬಚ್ಚಲುಮನೆಯ ಸಣ್ಣ ಕೆಲಸ ಬಂದಿತ್ತು. ದೊಡ್ಡ ಅಪಾರ್ಟ್‌ಮೆಂಟಿನ ಕೆಲಸ ಬರುತ್ತದಂತೆ ಅಂತ ಸುದ್ದಿ ಕೇಳಿ ಅವನು ಹಿಂದೆ ಉಳಿದ. ಸಣ್ಣ ಕೆಲಸ ಇನ್ನೊಬ್ಬರ ಪಾಲಾಯಿತು. ದೊಡ್ಡದು ಬರಲೇ ಇಲ್ಲ. ಆ ಮಧ್ಯಾಹ್ನ ಅಪ್ಪ ತುಂಬಿದ ಡಬ್ಬಿಯನ್ನೇ ಮನೆಗೆ ವಾಪಸ್ ತಂದ. ರೊಟ್ಟಿ ಪಲ್ಯವನ್ನು ಅಂಗಳದಲ್ಲಿ ಕೂತು ತಿಂದ. ಗೋದಾವರಿಗೆ ಅದು ಇನ್ನೂ ನೆನಪಿತ್ತು.

ಅದಕ್ಕೇ ಅವಳೂ ಅಪ್ಪ ಹೇಳಿದ್ದೇ ಸರಿ ಅಂದುಕೊಂಡಳು. ಅಕ್ಕನಿಗಾಗಿ ಬೇಜಾರಾದರೂ, ಸರಿ ಅಂದುಕೊಂಡಳು.

ಮಾರನೇ ದಿನ ವಿಜಿ ಅಪ್ಪನ ಫೋನಿನಲ್ಲಿ ಆಪ್ಶನ್ಸ್ ತುಂಬಿದಳು. ಹಸಿರು ಮೇಲೆ, ನೀಲಿ ನಡುವೆ, ಕೆಂಪು ಕೊನೆಗೆ. ಗುರುವಾರ ಕೊನೆಯ ದಿನ. ಅವತ್ತು ಸಂಜೆ ಕೆಲಸ ಮುಗಿಸಿ ಬಂದು, ಎಲ್ಲರೂ ಕೂಡಿ ನೆಟ್ ಸೆಂಟರಿಗೆ ಹೋಗಿ ಫ್ರೀಜ್ ಮಾಡೋಣ, ಪ್ರಿಂಟ್ ತೆಗೆಸೋಣ ಅಂದ ಅಪ್ಪ.

* * *

ಗುರುವಾರ ಶಾಲೆಯಲ್ಲಿ ಬೇರೆಯದೇ ಗಲಾಟೆ.

ಆಗಸ್ಟ್ ಹದಿನೈದರ ಪ್ರೋಗ್ರಾಮಿಗೆ ಯಾರ್‍ಯಾರು ಏನೇನು ಮಾಡಬೇಕು ಅಂತ ಹಂಚುವ ದಿನ ಅದು. ಐದನೇ ಕ್ಲಾಸಿನ ವಾಸಂತಿ ಟೀಚರ್ ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮಕ್ಕಳು ತಮಗೆ ಬೇಕಾದ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಡಬೇಕು. ಹೋದ ವರ್ಷ ಯಾರು ಹೆಚ್ಚು ದಿನ ಶಾಲೆಗೆ ಬಂದಿದ್ದಾರೋ ಅವರ ಚೀಟಿ ಮೊದಲು ತೆಗೆಯುತ್ತಾರೆ. ಜ್ವರ ಬಂದರೂ ಶಾಲೆಗೆ ಬರುವ ಮಕ್ಕಳಿಗೆ ಇದು ಸುಗ್ಗಿ.

ಎಲ್ಲರ ಕಣ್ಣು ಇದ್ದದ್ದು ಡ್ರಮ್ಮಿನ ಮೇಲೆ. ಶಾಲೆಗೆ ಹೊಸದಾಗಿ ಬಂದ ಕೆಂಪು ಡ್ರಮ್ಮುಗಳು. ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡು, ಎರಡು ಕೋಲಿನಿಂದ ಬಾರಿಸುತ್ತ ಮೈದಾನದ ಸುತ್ತ ಮಾರ್ಚ್ ಮಾಡುವುದು. ಗೋದಾವರಿ ರಾತ್ರಿ ನಿದ್ದೆಯಲ್ಲೂ ತಟ್ಟೆ ಬಾರಿಸುತ್ತಾಳೆ ಅಂತ ಅವ್ವ ಗುಂಡಮ್ಮ ದೂರುತ್ತಿದ್ದಳು. ಆದರೆ ಡ್ರಮ್ ಇದ್ದದ್ದು ನಾಲ್ಕೇ. ಕೇಳುವವರು ಇಡೀ ಕ್ಲಾಸು.

ಗೋದಾವರಿ ಅಪ್ಪನ ಹಾಗೆ ಯೋಚಿಸಿದಳು. ಸ್ಟೇಜಿನ ಪರದೆ ಎಳೆಯುವ ಕೆಲಸವನ್ನು ಯಾರೂ ಕೇಳುವುದಿಲ್ಲ. ಅದು ಪಕ್ಕಾ, ಅದಕ್ಕೆ ಹಸಿರು ಗೆರೆ. ಕೋಲಾಟಕ್ಕೆ ನೀಲಿ. ಡ್ರಮ್ಮಿಗೆ ಕೆಂಪು. ಹಾಗಾಗಿ ಅವಳು ಚೀಟಿಯಲ್ಲಿ ಪರದೆ ಮೊದಲು ಬರೆದಳು, ಕೋಲಾಟ ಎರಡನೆಯದು, ಡ್ರಮ್ ಕೊನೆಗೆ. ಬರೆದು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಳು.

ಟೀಚರ್ ಚೀಟಿ ತೆಗೆಯತೊಡಗಿದರು. ಆಶ್ಚರ್ಯ ಏನೆಂದರೆ, ಮೊದಲ ಮಕ್ಕಳಲ್ಲಿ ಹಲವರು ಕೋಲಾಟ ಕೇಳಿದ್ದರು, ಕೆಲವರು ಹಾಡು ಕೇಳಿದ್ದರು. ಡ್ರಮ್ಮು ಭಾರ, ಬಿಸಿಲಲ್ಲಿ ನಡೆಯಬೇಕು ಅಂತ ಕೆಲವರ ಮನೆಯಲ್ಲಿ ಬೇಡ ಅಂದಿದ್ದರಂತೆ. ಗೋದಾವರಿಯ ಸರದಿ ಬಂದಾಗ ಒಂದು ಡ್ರಮ್ ಇನ್ನೂ ಉಳಿದಿತ್ತು.

ಅವಳು ಬೆಂಚಿನ ತುದಿಗೆ ಸರಿದಳು.

"ಗೋದಾವರಿ, ಪರದೆ" ಅಂದರು ಟೀಚರ್. ಚೀಟಿ ಮಡಚಿ ಪಕ್ಕಕ್ಕಿಟ್ಟರು.

ಮುಂದಿನ ಚೀಟಿ ಶ್ರಾವಣಿಯದು. ಶ್ರಾವಣಿ ಗೋದಾವರಿಯ ಬೆಂಚಿನವಳೇ. ಅವಳು ಡ್ರಮ್ ಮೊದಲು ಬರೆದಿದ್ದಳು. ಅವಳಿಗೆ ಡ್ರಮ್ ಸಿಕ್ಕಿತು.

ಬೆಲ್ ಹೊಡೆದ ಮೇಲೆ ಗೋದಾವರಿ ಟೀಚರ್ ಹತ್ತಿರ ಹೋಗಿ, ತಾನೂ ಡ್ರಮ್ ಬರೆದಿದ್ದೆ, ತನ್ನ ಹೆಸರು ಶ್ರಾವಣಿಗಿಂತ ಮೊದಲೇ ಬಂದಿತ್ತಲ್ಲ ಅಂತ ತೆಲುಗಿನಲ್ಲಿ ತೊದಲಿದಳು. ಟೀಚರ್ ಚೀಟಿ ಹುಡುಕಿ ತೆಗೆದು ನೋಡಿದರು. ಅವರಿಗೂ ಪಾಪ ಅನಿಸಿತು.

"ಮೇಲೆ ಬರೆದದ್ದೇ ಸಿಕ್ಕಿತಲ್ಲಮ್ಮಾ. ಇನ್ನು ಕೆಳಗಿನದು ನಾನು ಯಾಕೆ ಓದಲಿ?" ಅಂದರು.

ಗೋದಾವರಿ ಮತ್ತೆ ಕೇಳಿದಳು. "ಡ್ರಮ್ ಮೊದಲು ಬರೆದು, ಅದು ಮುಗಿದುಹೋಗಿದ್ದರೆ? ಪರದೆಯನ್ನೂ ಬೇರೆಯವರು ತಗೊಂಡುಬಿಡುತ್ತಿದ್ದರಲ್ಲ?"

"ಅದು ಹೇಗೆ ತಗೋತಾರೆ? ನಿನ್ನ ಚೀಟಿ ಪೂರ್ತಿ ಓದಿ ಮುಗಿಸೋವರೆಗೂ ನಿನ್ನ ಹಿಂದಿನವರ ಚೀಟಿ ನಾನು ಮುಟ್ಟೋದೇ ಇಲ್ಲ."

ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಇತ್ತು. ಗೋದಾವರಿಗೆ ಮೊಟ್ಟೆ ಅಂದರೆ ಪ್ರಾಣ. ಆದರೂ ಅವತ್ತು ಅದು ತಟ್ಟೆಯಲ್ಲೇ ತಣ್ಣಗಾಯಿತು. ಮೊದಲು ಅವಳು ತನ್ನ ಡ್ರಮ್ಮಿಗಾಗಿ ಅಳುತ್ತಿದ್ದಳು. ಪರದೆ ಹೇಗಿದ್ದರೂ ಸಿಗುತ್ತಿತ್ತು. ಡ್ರಮ್ ಮೊದಲು ಬರೆದಿದ್ದರೂ ಪರದೆ ಸಿಗುತ್ತಿತ್ತು. ಅದು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಡ್ರಮ್ಮನ್ನು ತಾನು ಮೊದಲು ಕೇಳಲಿಲ್ಲ, ಅದಕ್ಕೇ ಟೀಚರ್ ಕೊಡಲಿಲ್ಲ, ಅಷ್ಟೇ.

ಆಮೇಲೆ ಅವಳ ಅಳು ಥಟ್ಟನೆ ನಿಂತಿತು. ಅಕ್ಕನದೂ ಇದೇ ಅಲ್ಲವೇ? ಅಲ್ಲೂ ರ್‍ಯಾಂಕಿನ ಸರದಿ. ಅಲ್ಲೂ ಮೇಲಿನಿಂದ ಓದುವುದು. ಅಕ್ಕನ ಚೀಟಿಯಲ್ಲೂ ಪರದೆಯೇ ಮೇಲಿದೆ.

ಫ್ರೀಜ್ ಇವತ್ತು ಸಂಜೆ.

* * *

ಶಾಲೆ ಬಿಟ್ಟದ್ದೇ ತಡ, ಗೋದಾವರಿ ಓಡಿದಳು. ಓಣಿಯಲ್ಲಿ ಬೋನಾಲು ಹಬ್ಬಕ್ಕೆ ಬೇವಿನ ತೋರಣ ಕಟ್ಟುತ್ತಿದ್ದರು. ಏಣಿಯ ಕೆಳಗೆ ನುಗ್ಗಿ ಬೈಸಿಕೊಂಡಳು. ಮನೆಗೆ ಬಂದವಳೇ ಬ್ಯಾಗು ಕೂಡ ಇಳಿಸದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಡ್ರಮ್ಮು, ಪರದೆ, ಶ್ರಾವಣಿ, ಮೊಟ್ಟೆ ಎಲ್ಲವೂ ಕಲಸಿಹೋಗಿ ಅವ್ವನಿಗೆ ಏನೂ ಅರ್ಥವಾಗಲಿಲ್ಲ.

ವಿಜಿಗೆ ಅರ್ಥವಾಯಿತು. ಅವಳು ತಂಗಿಯ ಮುಖವನ್ನೇ ನೋಡುತ್ತ ಕೂತಳು.

"ನಂಗೂ ಹಂಗ ಅನಿಸಿತ್ತು ಗೋದಾ" ಅಂದಳು ಮೆಲ್ಲಗೆ. "ಆದ್ರ ಕಾಕಾನೂ ಬ್ಯಾಡ ಅಂದ್ರು. ಅಕಸ್ಮಾತ್ ನಂದೇ ತಪ್ಪಿದ್ದು, ಇದ್ದದ್ದೂ ಹೋದ್ರ ಅಪ್ಪಾಗ ಹೆಂಗ ಮುಖ ತೋರಸ್ಲಿ?"

ಸೀಟು ಹಂಚುವವರ ಹೆಲ್ಪ್‌ಲೈನಿಗೆ ಫೋನ್ ಮಾಡಿ ಕೇಳೋಣ ಅಂದರೆ ಫೋನು ಅಪ್ಪನ ಹತ್ತಿರ. ಆಪ್ಶನ್ಸ್ ಬದಲಿಸಬೇಕು ಅಂದರೂ ಓಟಿಪಿ ಬರುವುದು ಅದೇ ಫೋನಿಗೆ. ಅಪ್ಪ ಬರಲೇಬೇಕು. ಗೋದಾವರಿ ಬಾಗಿಲಿಗೂ ಓಣಿಯ ತುದಿಗೂ ನಡುವೆ ಓಡಾಡಿ ಓಡಾಡಿ ಚಪ್ಪಲಿಯ ಬಾರು ಕಿತ್ತುಕೊಂಡಳು.

ಅಪ್ಪ ಬಂದಾಗ ದೀಪ ಹಚ್ಚುವ ಹೊತ್ತು. ಕೈಕಾಲಿಗೆಲ್ಲ ಬಿಳಿ ಸಿಮೆಂಟು. ಹಬ್ಬದ ಮೆರವಣಿಗೆಗೆ ರಸ್ತೆ ಬಂದ್ ಆಗಿ ಅವನು ಅರ್ಧ ದಾರಿ ನಡೆದು ಬಂದಿದ್ದ. ಕಾಲು ತೊಳೆದು, ಚಹಾ ಕುಡಿದು, ನಡೀರಿ ನೆಟ್ ಸೆಂಟರ್ ಬಾಗಿಲು ಹಾಕ್ತಾರ ಅಂತ ಎದ್ದ.

ಗೋದಾವರಿ ಅಡ್ಡ ನಿಂತಳು. ಒಂದು ಆಟ ಆಡಬೇಕು, ಆಮೇಲೆ ಹೋಗೋಣ ಅಂದಳು. ಈಗೆಂಥ ಆಟ ಅಂತ ಅವ್ವ ಗದರಿದಳು. ಆದರೆ ವಿಜಿ ಆಗಲೇ ಚಾಪೆ ಹಾಸಿದ್ದಳು. ಯಾವತ್ತೂ ಹಟ ಮಾಡದ ದೊಡ್ಡ ಮಗಳು ಚಾಪೆ ಹಾಸಿದ್ದನ್ನು ನೋಡಿ ಅಪ್ಪ ಸುಮ್ಮನೆ ಕೂತ.

ತಟ್ಟೆಯಲ್ಲಿ ಒಂದು ಶೇಂಗಾ ಉಂಡಿ, ಒಂದು ಬಾಳೆಹಣ್ಣು, ಒಂದು ಬಿಸ್ಕಿಟ್. ಅಪ್ಪನೇ ಕಂಪ್ಯೂಟರ್. ಅವ್ವನದು ಮೊದಲ ರ್‍ಯಾಂಕು, ವಿಜಿಯದು ಎರಡನೆಯದು, ಗೋದಾವರಿಯದು ಕೊನೆಯದು. ಮೊದಲ ರ್‍ಯಾಂಕು ಬಂದದ್ದಕ್ಕೆ ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದ ಹಾಗೆ ಗೋದಾವರಿಯೇ ಚೀಟಿ ಬರೆದಳು.

ಅಪ್ಪ ಅವ್ವನ ಚೀಟಿ ಓದಿದ. ಉಂಡಿ ಅಂತಿತ್ತು. ಉಂಡಿ ಕೊಟ್ಟ. ವಿಜಿಯ ಚೀಟಿ ಓದಿದ. ಅದರಲ್ಲೂ ಮೇಲೆ ಉಂಡಿ ಅಂತಲೇ ಇತ್ತು.

"ಉಂಡಿ ಹೋತು. ಅಕಿದು ಮುಗೀತು" ಅಂದ ಅಪ್ಪ. ಗೋದಾವರಿಯ ಚೀಟಿಗೆ ಕೈ ಹಾಕಿದ.

ಗೋದಾವರಿ ಅವನ ಕೈ ಹಿಡಿದುಕೊಂಡಳು. "ಇದು ಅಡ್ಡಾ ಅಲ್ಲಪ್ಪಾ. ಅಕ್ಕಂದು ಇನ್ನೂ ಮುಗಿದಿಲ್ಲ. ಕೆಳಗ ಓದು."

ಅಪ್ಪ ಕೆಳಗೆ ಓದಿದ. ಎರಡನೆಯದು ಬಾಳೆಹಣ್ಣು. ತಟ್ಟೆ ನೋಡಿದ. ಬಾಳೆಹಣ್ಣು ಅಲ್ಲೇ ಇತ್ತು.

"ನಂಗೂ ಬಾಳಿಹಣ್ಣು ಬೇಕಾಗಿತ್ತು" ಅಂದಳು ಗೋದಾವರಿ. "ಆದ್ರ ನಾ ಓಡಿ ಬಂದು ಕಸ್ಕೊಳ್ಳಾಕ ಬರಂಗಿಲ್ಲ. ಅಕ್ಕಂದು ಆಗೂತನಾ ನನ್ನ ಚೀಟಿ ತಗಿಯಂಗಿಲ್ಲ."

ಅಪ್ಪ ವಿಜಿಗೆ ಬಾಳೆಹಣ್ಣು ಕೊಟ್ಟ. ಗೋದಾವರಿಗೆ ಬಿಸ್ಕಿಟ್ ಬಂತು.

ಎಲ್ಲವನ್ನೂ ತಟ್ಟೆಗೆ ವಾಪಸ್ ಹಾಕಿ ಇನ್ನೊಂದು ಸಲ ಆಡಿದರು. ಈ ಸಲ ಅವ್ವ, ಹಲ್ಲು ನೋವು, ನಂಗ ಬಿಸ್ಕಿಟೇ ಸಾಕು ಅಂದಳು. ಅದು ಆಟಕ್ಕೆ ಹೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಹಲ್ಲು ನೋವಿತ್ತು. ವಿಜಿ ಈ ಸಲ ಅಪ್ಪ ಹೇಳಿದ ಪದ್ಧತಿಯಲ್ಲಿ ಬರೆದಳು. ಪಕ್ಕಾ ಸಿಗುವ ಬಾಳೆಹಣ್ಣು ಮೇಲೆ, ಉಂಡಿ ಕೆಳಗೆ. ಅಪ್ಪ ಅವಳಿಗೆ ಬಾಳೆಹಣ್ಣು ಕೊಟ್ಟ. ಗೋದಾವರಿಯ ಚೀಟಿ ತೆಗೆದ. ಮೇಲೆ ಉಂಡಿ ಅಂತಿತ್ತು. ಉಂಡಿ ತಟ್ಟೆಯಲ್ಲೇ ಇತ್ತು.

ಎಲ್ಲರಿಗಿಂತ ಹಿಂದಿದ್ದ ಗೋದಾವರಿ ಉಂಡಿಯನ್ನು ಬಾಯಿಗೆ ಹಾಕಿಕೊಂಡಳು. ಅಪ್ಪ ಖಾಲಿ ತಟ್ಟೆಯನ್ನು ನೋಡಿದ. ಆಮೇಲೆ ವಿಜಿಯ ಕೈಯಲ್ಲಿದ್ದ ಬಾಳೆಹಣ್ಣನ್ನು ನೋಡಿದ.

"ಉಂಡಿ ನಿಂದಾಗಿತ್ತು" ಅಂದ ವಿಜಿಗೆ. "ನೀ ಕೇಳಿದ್ರ ನಿಂದ ಆಗಿತ್ತು. ಕೇಳಬ್ಯಾಡ ಅಂದಾಂವ ನಾನು."

ವಿಜಿಯ ಕಣ್ಣು ತುಂಬಿ ಬಂತು. ಅಪ್ಪ ಎದ್ದು ಅಂಗಿ ಹಾಕಿಕೊಂಡ.

* * *

ದಾರಿಯಲ್ಲಿ ಕಾಕಾನ ಕಟ್ಟೆ. ಅವರಿಗೆ ಹೇಳದೆ ಹೋಗುವುದು ಅಪ್ಪನಿಗೆ ಸರಿ ಕಾಣಲಿಲ್ಲ. ನಿಂತುಕೊಂಡೇ ಉಂಡಿ ಬಾಳೆಹಣ್ಣಿನ ಕತೆ ಹೇಳಿದ. ಹೆಲ್ಪ್‌ಲೈನಿಗೆ ಫೋನ್ ಹಚ್ಚಿದರೆ ಅದು ಎಂಗೇಜೇ ಎಂಗೇಜು ಅಂತಲೂ ಹೇಳಿದ.

ಕಾಕಾ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಒಳಗೆ ಹೋಗಿ ಕೌನ್ಸೆಲಿಂಗಿನ ಪುಸ್ತಿಕೆ ತಂದು, ಕನ್ನಡಕ ಏರಿಸಿ, ಟ್ಯೂಬ್‌ಲೈಟಿನ ಕೆಳಗೆ ನಿಂತು ಓದಿದರು. ನಿಮಗೆ ಯಾವುದು ಹೆಚ್ಚು ಬೇಕೋ ಆ ಕ್ರಮದಲ್ಲಿ ತುಂಬಿ ಅಂತ ಅದರಲ್ಲಿ ಇದ್ದೇ ಇತ್ತು. ಅವರು ಅದನ್ನು ಎಷ್ಟೋ ಸಲ ಓದಿದ್ದರು. ಸಿಗುವುದು ಬಿಡುವುದರ ಲೆಕ್ಕದಲ್ಲಿ ಮುಳುಗಿ, ಬೇಕು ಅನ್ನುವ ಮಾತನ್ನು ದಾಟಿಕೊಂಡೇ ಹೋಗಿದ್ದರು.

"ಸಿಗೂದು ಕಷ್ಟ ಅಂತ ನಾ ಹೇಳಿದ್ದು ಖರೆ" ಅಂದರು ಕಾಕಾ. "ಈಗೂ ಹಂಗ ಹೇಳ್ತೀನಿ. ಆದ್ರ ಕೇಳಾಕ ಏನಡ್ಡಿ ಇಲ್ಲ. ನಡೀರಿ, ನಾನೂ ಬರ್ತೀನಿ."

ನೆಟ್ ಸೆಂಟರಿನಲ್ಲಿ ಸಂತೆಯ ಹಾಗೆ ಜನ. ಎಲ್ಲರಿಗೂ ಅವತ್ತೇ ಕೊನೆಯ ದಿನ. ವೆಬ್‌ಸೈಟು ತಿರುಗುತ್ತಲೇ ಇತ್ತು, ತೆರೆಯುತ್ತಿರಲಿಲ್ಲ. ಅಂಗಡಿಯವನು ಒಮ್ಮೆ ಗಡಿಯಾರ ನೋಡುತ್ತಿದ್ದ, ಒಮ್ಮೆ ಇವರನ್ನು ನೋಡುತ್ತಿದ್ದ. ಗೋದಾವರಿ ಅಪ್ಪನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಟಿಪಿಗಾಗಿ ಕಾದಳು. ಅದು ಬಂದ ಕೂಡಲೇ ತಪ್ಪಾಗಬಾರದು ಅಂತ ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದಳು.

ವಿಜಿ ಎಲ್ಲವನ್ನೂ ಅದಲು ಬದಲು ಮಾಡಿದಳು. ಮೊದಲ ಸಾಲಿನಲ್ಲಿ ಯೂನಿವರ್ಸಿಟಿ ಕಾಲೇಜು, ಕಂಪ್ಯೂಟರ್. ಎರಡನೇ ಸಾಲಿನಲ್ಲಿ ಅದೇ ಕಾಲೇಜು, ಎಲೆಕ್ಟ್ರಾನಿಕ್ಸ್. ಆಮೇಲೆ ನೀಲಿ ಗೆರೆಯವು. ಹಸಿರು ಗೆರೆಯದು ಅವುಗಳ ಕೆಳಗೆ, ಭದ್ರವಾಗಿ. ಬಟನ್ ಒತ್ತುವ ಮುಂಚೆ ಅವಳು ಅಪ್ಪನ ಕಡೆ ತಿರುಗಿದಳು.

"ಒತ್ತವ್ವಾ" ಅಂದ ಅಪ್ಪ.

* * *

ಸೀಟು ಯಾರಿಗೆ ಯಾವುದು ಅಂತ ಗೊತ್ತಾಗುವ ದಿನ ಬೆಳಿಗ್ಗೆಯಿಂದ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಹೋಗಲಿಲ್ಲ ಅಂದರೆ ಡಬ್ಬಿ ಕಟ್ಟಿಸಿಕೊಂಡು ಅಡ್ಡಾದವರೆಗೂ ಹೋಗಿ, ಮನಸ್ಸು ನಿಲ್ಲದೆ ವಾಪಸ್ ಬಂದ. ತುಂಬಿದ ಡಬ್ಬಿಯನ್ನು ಕಿಟಕಿಯಲ್ಲಿಟ್ಟ. ಗೋದಾವರಿ ಆ ಡಬ್ಬಿಯನ್ನು ನೋಡಿದಳು. ಅವಳಿಗೆ ಹೆದರಿಕೆ ಆಯಿತು. ಒಂದು ವೇಳೆ ತಾನು ಹೇಳಿದ್ದೇ ತಪ್ಪಾಗಿದ್ದರೆ?

ಮಧ್ಯಾಹ್ನ ಫೋನು ಟಿಣ್ ಅಂತು.

ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ವಿಜಿಯೇ ತೆಗೆದುಕೊಂಡಳು. ವೆಬ್‌ಸೈಟಿಗೆ ಹೋಗಿ ನಂಬರು ಹಾಕಿದಳು. ಸ್ಕ್ರೀನಿನ ಮೇಲೆ ಬಂದದ್ದನ್ನು ಓದಿದಳು. ಇನ್ನೊಂದು ಸಲ ಓದಿದಳು. ಫೋನನ್ನು ಗೋದಾವರಿಗೆ ಕೊಟ್ಟಳು.

ಗೋದಾವರಿ ಜೋರಾಗಿ, ಶಾಲೆಯಲ್ಲಿ ಪಾಠ ಓದುವ ಹಾಗೆ, ಒಂದೊಂದೇ ಪದ ಓದಿದಳು. ಯೂನಿವರ್ಸಿಟಿ ಕಾಲೇಜ್ ಆಫ್ ಎಂಜಿನಿಯರಿಂಗ್. ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್. ವಿಜಯಶ್ರೀ, ಡಾಟರ್ ಆಫ್ ಕಾಶಿನಾಥ.

"ಕಡೀದು ಮತ್ತೊಮ್ಮಿ ಓದು" ಅಂದ ಅಪ್ಪ.

ಗೋದಾವರಿ ಮತ್ತೊಮ್ಮೆ ಓದಿದಳು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ವಿಜಿ ತಂಗಿಯನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದಳು. ಹತ್ತು ವರ್ಷದ ಹುಡುಗಿಯನ್ನು ಎತ್ತುವುದು ಸುಲಭವಲ್ಲ, ಇಬ್ಬರೂ ಚಾಪೆಯ ಮೇಲೆ ಬಿದ್ದರು. ಅಪ್ಪ ಕಿಟಕಿಯಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಅದೇ ರೊಟ್ಟಿ ಪಲ್ಯವನ್ನು ನಾಲ್ವರೂ ಸುತ್ತ ಕೂತು ತಿಂದರು. ಆ ಡಬ್ಬಿಯ ಊಟ ಅಷ್ಟು ರುಚಿಯಾಗಿ ಯಾವತ್ತೂ ಇರಲಿಲ್ಲ.

ಕಾಕಾ ಓಡಿ ಬಂದರು. ಅವರ ಕೈಯಲ್ಲಿ ಮಿಠಾಯಿಯ ಡಬ್ಬಿ ಇತ್ತು, ಕಂಕುಳಲ್ಲಿ ಹೋದ ವರ್ಷದ ಪಟ್ಟಿ ಇತ್ತು. ಹೋದ ವರ್ಷ ವಿಜಿಗಿಂತ ಮುಂಚೆಯೇ ಮುಗಿದಿದ್ದ ಸೀಟು ಈ ವರ್ಷ ಅವಳನ್ನೂ ದಾಟಿ ಸ್ವಲ್ಪ ಹಿಂದಿನವರೆಗೂ ಬಂದಿತ್ತು. ವರ್ಷದಿಂದ ವರ್ಷಕ್ಕೆ ಹಾಗೆ ಹಿಂದೆ ಮುಂದೆ ಆಗುತ್ತದಂತೆ. ಅದನ್ನು ಅವರು ಓಣಿಯವರಿಗೆಲ್ಲ ಎರಡೆರಡು ಸಲ ಹೇಳಿದರು. ಮೊದಲ ಸಾಲಿನ ಕಂಪ್ಯೂಟರ್ ಸೀಟು ಸಿಗಲಿಲ್ಲವಲ್ಲ ಅಂತ ಯಾರೋ ಅಂದರು. ಅದನ್ನು ಕೇಳಿದ್ದರಿಂದ ಕಳಕೊಂಡದ್ದೇನು ಅಂತ ಅಪ್ಪ ಅವರನ್ನೇ ಕೇಳಿದ. ಈಗ ಅಪ್ಪನೂ ಓಣಿಯ ಪಂಡಿತ.

ಸೇರುವ ದಿನ ನಾಲ್ವರೂ ಬಸ್ಸಿನಲ್ಲಿ ಹೋದರು. ದೊಡ್ಡ ಮರಗಳು ಬಂದಾಗ ವಿಜಿ ಯಥಾಪ್ರಕಾರ ಮಾತು ನಿಲ್ಲಿಸಿದಳು. ಆದರೆ ಈ ಸಲ ಮರಗಳು ಹಿಂದೆ ಹೋಗಲಿಲ್ಲ. ಬಸ್ಸು ನಿಂತಿತು, ಇವರು ಇಳಿದರು. ಅಪ್ಪ ಕಲ್ಲಿನ ಗೋಡೆಯ ಹತ್ತಿರ ಹೋಗಿ ಎರಡು ಕಲ್ಲಿನ ನಡುವಿನ ಸಂದಿಯ ಮೇಲೆ ಬೆರಳಾಡಿಸಿದ.

"ಏನ್ ಚಂದ ಕೂಡಿಸ್ಯಾರ" ಅಂದ. ಕಾಲೇಜಿನ ಬಗ್ಗೆ ಅವನು ಅವತ್ತು ಆಡಿದ್ದು ಅದೊಂದೇ ಮಾತು. ಆದರೆ ಮನೆಗೆ ಬರುವವರೆಗೂ ಅವನ ಮುಖದಲ್ಲಿ ನಗು ಇತ್ತು.

* * *

ಆಗಸ್ಟ್ ಹದಿನೈದಕ್ಕೆ ಗೋದಾವರಿ ಪರದೆ ಎಳೆದಳು. ಹಗ್ಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಡ್ರಮ್ಮಿನವರು ಮೈದಾನ ಸುತ್ತುವಾಗ ಅವಳ ಕಾಲು ತಾನಾಗಿಯೇ ತಾಳ ಹಾಕಿತು. ಪ್ರೋಗ್ರಾಮ್ ಮುಗಿದ ಮೇಲೆ ಶ್ರಾವಣಿ ಸ್ಟೇಜಿನ ಹಿಂದೆ ಬಂದು, ತಗೋ ಒಂದ್ಸಲ ಬಾರಿಸು ಅಂತ ಎರಡೂ ಕೋಲು ಕೊಟ್ಟಳು. ಗೋದಾವರಿ ಬಾರಿಸಿದಳು. ಹೆಡ್‌ಮಾಸ್ಟರು ತಿರುಗಿ ನೋಡುವಷ್ಟು ಜೋರಾಗಿ ಬಾರಿಸಿದಳು.

ದಸರೆಗೆ ಮುಂಚೆ ಬತುಕಮ್ಮ ಹಬ್ಬದ ಪ್ರೋಗ್ರಾಮಿಗೆ ವಾಸಂತಿ ಟೀಚರ್ ಮತ್ತೆ ಚೀಟಿ ಹಂಚಿದರು. ಈ ಸಲ ಡ್ರಮ್ ಎರಡೇ ಅಂದರು. ಕ್ಲಾಸಿನಲ್ಲಿ ಗುಸುಗುಸು ಎದ್ದಿತು. ಅಷ್ಟು ಕಡಿಮೆ ಇದ್ದರೆ ಸಿಗುವುದಿಲ್ಲ ಬಿಡು, ಬೇರೇನಾದರೂ ಬರಿ ಅಂತ ಪಕ್ಕದ ಬೆಂಚಿನವಳು ಗೋದಾವರಿಗೆ ಪಿಸುಗುಟ್ಟಿದಳು.

ಇರಬಹುದು ಅಂದಳು ಗೋದಾವರಿ. ಪೆನ್ಸಿಲಿನ ಮೊನೆ ನೋಡಿಕೊಂಡು, ಚೀಟಿಯ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಡ್ರಮ್ ಅಂತ ಬರೆದಳು. ಅದರ ಕೆಳಗೆ ಬೇಕಾದಷ್ಟು ಜಾಗ ಇತ್ತು. ಪರದೆಯನ್ನು ಅಲ್ಲಿ ಬರೆದಳು.